ಕಣ್ಣು ಹಳದಿ ಆಗದಿದ್ದರೂ ಲಿವರ್ ಹಾಳಾಗುತ್ತಿರಬಹುದು

ನಮ್ಮ ಕಾರವಾರ, ಅಂಕೋಲಾ ಕಡೆ ಲಿವರ್ ಅಂದ ಕೂಡಲೇ ಕಾಮಾಲೆ ಅಂತಾರೆ. ಕಣ್ಣು ಹಳದಿ ಆಯ್ತಾ, ಯಾರೋ ಹೇಳಿದ ಕಡೆ ಹೋಗಿ ನೆಲನೆಲ್ಲಿ ಔಷಧ ಕುಡಿದು, ಎಣ್ಣೆ, ಮೀನು ಬಿಟ್ಟು ಪಥ್ಯ ಮಾಡಿದರೆ ಮುಗೀತು ಅಂತ ನಂಬಿಕೆ. ಆದರೆ ಲಿವರಿಗೆ ಅಂಟುವ ಹೆಪಟೈಟಿಸ್ ಬಿ ವೈರಸ್ ಆರು ತಿಂಗಳಿಗಿಂತ ಜಾಸ್ತಿ ಮೈಯಲ್ಲಿ ಉಳಿದುಕೊಂಡರೆ ಕಥೆಯೇ ಬೇರೆ. ಎಷ್ಟೋ ಜನರಿಗೆ ವರ್ಷಗಟ್ಟಲೆ ಏನೂ ಗೊತ್ತಾಗುವುದೇ ಇಲ್ಲ. ನನ್ನ ಸೋದರಮಾವ ದಿನಾ ಬೋಟಿಗೆ ಹೋಗುತ್ತಿದ್ದರು, ಊಟ ನಿದ್ದೆ ಎಲ್ಲ ಸರಿ ಇತ್ತು. ರಕ್ತದಾನ ಮಾಡಿದ ಮೇಲೆ ಅಲ್ಲಿಂದ ಫೋನ್ ಬಂತು, ಆಗಲೇ ತಿಳಿದದ್ದು.

ಈ ವೈರಸ್ ಲಿವರಿನ ಜೀವಕೋಶಗಳನ್ನು ತಾನೇ ಕೊಲ್ಲುವುದು ಕಡಿಮೆ. ಅದು ಒಳಗೆ ಸೇರಿಕೊಂಡಿದೆ ಅಂತ ಗೊತ್ತಾದಾಗ ನಮ್ಮದೇ ರಕ್ಷಣಾ ಕೋಶಗಳು ಬಂದು ಆ ಜೀವಕೋಶವನ್ನು ಹೊಡೆದುಹಾಕುತ್ತವೆ. ವೈರಸ್ಸಿನ ಡಿಎನ್ಎ ಜೀವಕೋಶದ ನಡುವಿನ ನ್ಯೂಕ್ಲಿಯಸ್ಸಿನೊಳಗೇ ಕೂತಿರುವುದರಿಂದ ಪೂರ್ತಿ ತೊಲಗುವುದಿಲ್ಲ, ಈ ಜಗಳ ಸಣ್ಣಗೆ ನಡೆಯುತ್ತಲೇ ಇರುತ್ತದೆ. ಗಾಯ ಆದಲ್ಲೆಲ್ಲ ಕೊಲಾಜನ್ ನಾರು ತುಂಬುತ್ತದೆ, ಮೊಣಕಾಲಿನ ಹಳೇ ಗಾಯದ ಕಲೆ ಗಟ್ಟಿಯಾಗಿರುತ್ತದಲ್ವಾ, ಹಾಗೆ. ಇದೇ ಫೈಬ್ರೋಸಿಸ್. ಇದು ಎಷ್ಟಿದೆ ಅಂತ ಎಫ್0ದಿಂದ ಎಫ್4ರ ತನಕ ಹೇಳುತ್ತಾರೆ. ಎಫ್0 ಅಂದರೆ ಕಲೆ ಇಲ್ಲ, ಎಫ್4 ಅಂದರೆ ಸಿರೋಸಿಸ್, ಅಂದರೆ ಲಿವರ್ ಪೂರ್ತಿ ಕಲೆ ತುಂಬಿ ಗಟ್ಟಿಯಾದ ಸ್ಥಿತಿ.

ಎಸ್‌ಜಿಪಿಟಿ (ಲಿವರಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಅಂಶ) ನಾರ್ಮಲ್ ಬಂತು ಅಂತ ಸುಮ್ನೆ ಕೂರಬೇಡಿ. ಅದು ನಾರ್ಮಲ್ ಇದ್ದರೂ ಒಳಗೆ ಕಲೆ ಇರಬಹುದು. ಮಾವನಿಗೆ ಫೈಬ್ರೋಸ್ಕ್ಯಾನ್ ಮಾಡುವಾಗ ನಾನೂ ಪಕ್ಕದಲ್ಲಿದ್ದೆ. ಬಲಗೈ ತಲೆ ಹಿಂದೆ ಇಟ್ಟು ಮಲಗಿಸಿದರು, ಪಕ್ಕೆಲುಬಿನ ಸಂದಿಗೆ ಜೆಲ್ ಹಚ್ಚಿ ಪ್ರೋಬ್ ಒತ್ತಿದರು, ಟಕ್ ಟಕ್ ಅಂತ ಮೆಲ್ಲಗೆ ಬಡಿದ ಹಾಗೆ. ನೋವಿಲ್ಲ, ಸೂಜಿ ಇಲ್ಲ. ಲಿವರ್ ಎಷ್ಟು ಗಟ್ಟಿಯಾಗಿದೆ ಅನ್ನುವುದು ಕಿಲೋಪ್ಯಾಸ್ಕಲ್ ಲೆಕ್ಕದಲ್ಲಿ ಬರುತ್ತದೆ.

ನನಗೆ ತುಂಬಾ ಧೈರ್ಯ ಕೊಟ್ಟ ವಿಷಯ ಒಂದಿದೆ. ಈ ಕಲೆ ಕರಗಬಹುದು! ಈ ವೈರಸ್ಸನ್ನು ಹತ್ತಿಕ್ಕುವ ಟೆನೊಫೊವಿರ್ ಮಾತ್ರೆಯನ್ನು ಐದು ವರ್ಷ ತೆಗೆದುಕೊಂಡವರ ಲಿವರ್ ತುಣುಕು ತೆಗೆದು ನೋಡಿದ ಅಧ್ಯಯನವೊಂದು 2013ರಲ್ಲಿ ಬಂದಿತ್ತು. ಶುರುವಿನಲ್ಲಿ ಸಿರೋಸಿಸ್ ಇದ್ದವರಲ್ಲಿ ಶೇಕಡಾ 74 ಜನರಿಗೆ ಆಮೇಲೆ ಸಿರೋಸಿಸ್ ಇರಲಿಲ್ಲ. ಹಾಗಂತ ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ, ಅದನ್ನು ಡಾಕ್ಟರೇ ಹೇಳಬೇಕು. ಶುರು ಮಾಡಿದವರು ಮಾತ್ರ 'ಈಗ ಆರಾಮಿದ್ದೇನೆ' ಅಂತ ತಾವಾಗಿಯೇ ನಿಲ್ಲಿಸಬಾರದು, ವೈರಸ್ ಮತ್ತೆ ಜೋರಾಗಿ ಎದ್ದು ಲಿವರ್ ಕೈಕೊಡುವ ಅಪಾಯ ಇದೆ. ಸಿರೋಸಿಸ್ ಇದ್ದವರಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡೂ ಬೇಕು, ಕ್ಯಾನ್ಸರ್ ಬಂದರೆ ಬೇಗ ಸಿಗಲಿ ಅಂತ. ಹೆಂಡ, ಫೆನಿ ಪೂರ್ತಿ ಬಂದ್.

ಮನೆಯಲ್ಲಿ ಮಾವನಿಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟಿದ್ದರು. ನೋಡಿ ಹೊಟ್ಟೆ ಉರಿಯಿತು. ಒಟ್ಟಿಗೆ ಉಂಡರೆ ಇದು ಹರಡುವುದಿಲ್ಲ. ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆ ಹೊತ್ತಿಗೆ ತಾಯಿಯಿಂದ ಮಗುವಿಗೆ ಬರುತ್ತದೆ. ರೇಜರ್, ಟೂತ್ ಬ್ರಷ್ ಬೇರೆ ಇದ್ದರೆ ಸಾಕು. ಹುಟ್ಟುವಾಗಲೇ ಅಂಟಿದ ಶಿಶುಗಳಲ್ಲಿ ಸುಮಾರು ಶೇಕಡಾ 90ರಷ್ಟು ಮಕ್ಕಳಿಗೆ ಇದು ಉಳಿದುಕೊಳ್ಳುತ್ತದೆ, ಅದಕ್ಕೇ ಹುಟ್ಟಿದ 24 ಗಂಟೆಯೊಳಗೆ ಲಸಿಕೆ. ಮನೆಯವರೆಲ್ಲ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ನೆಗೆಟಿವ್ ಇದ್ದು ಲಸಿಕೆ ಆಗಿಲ್ಲದವರು ಹಾಕಿಸಿಕೊಳ್ಳಿ. 2018ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ, ಜಿಲ್ಲಾ ಆಸ್ಪತ್ರೆಗೆ ಹೋದಾಗ ಕೇಳಿ ನೋಡಿ.