ಕಂಪನಿ ಕಳಿಸಿದ ಟ್ರೈನಿಂಗ್‌ಗೆ ಬರಲ್ಲ ಅನ್ನೋಕಾಗತ್ತಾ?

ಏಪ್ರಿಲ್ ಬಂತೆಂದರೆ ನಮ್ಮ ವಿಭಾಗಕ್ಕೆ ಬಿಡುವಿರುವುದಿಲ್ಲ. ಹೊಸ ಬಜೆಟ್, ಹೊಸ ಟ್ರೈನಿಂಗ್ ಕ್ಯಾಲೆಂಡರ್, ಬೆಳಗ್ಗೆಯಿಂದ ವೆಂಡರ್‌ಗಳ ಫೋನ್. ನಾನು ಪೀಣ್ಯದ ಕಡೆ ಯಂತ್ರದ ಬಿಡಿಭಾಗ ತಯಾರಿಸುವ ಕಂಪನಿಯೊಂದರಲ್ಲಿ ಟ್ರೈನಿಂಗ್ ನೋಡಿಕೊಳ್ಳುತ್ತೇನೆ. ಸೇಫ್ಟಿ, ಕ್ವಾಲಿಟಿ, ಎಕ್ಸೆಲ್, ಹೊಸ ಸೂಪರ್‌ವೈಸರ್‌ಗಳಿಗೆ ಜನರನ್ನು ನಿಭಾಯಿಸುವುದು ಹೇಗೆ ಅಂತ ಹೇಳಿಕೊಡುವುದು, ಇವೆಲ್ಲ ನಮಗೆ ಮಾಮೂಲಿ. ಈ ನಡುವೆ ಇನ್ನೊಂದು ಬಗೆಯ ವೆಂಡರ್‌ಗಳು ಜಾಸ್ತಿ ಆಗಿದ್ದಾರೆ. ಇವರು ಕೆಲಸ ಕಲಿಸುವುದಿಲ್ಲ, ಮನುಷ್ಯನನ್ನೇ ಬದಲಾಯಿಸಿ ಕೊಡುತ್ತೇವೆ ಎನ್ನುತ್ತಾರೆ. ಊರಾಚೆ ರೆಸಾರ್ಟ್, ಬಾಗಿಲು ಹಾಕಿದ ಹಾಲ್, ರಾತ್ರಿವರೆಗೆ ಸೆಷನ್, ಮೈಕ್ ಹಿಡಿದು ಬಾಲ್ಯದ ನೋವು ಹೇಳಿಕೊಳ್ಳುವುದು, ಅಳು, ಅಪ್ಪುಗೆ, ಚಪ್ಪಾಳೆ.

ಇಂಥ ಟ್ರೈನಿಂಗ್ ಎಂದೂ ಟ್ರೈನಿಂಗ್ ವಿಭಾಗದ ಮೂಲಕ ಬರುವುದಿಲ್ಲ. ಮೇಲಿನಿಂದ ಬರುತ್ತದೆ. ದೊಡ್ಡ ಹುದ್ದೆಯ ಒಬ್ಬರು ತಮ್ಮ ಖರ್ಚಲ್ಲಿ ಹೋಗಿ ಬಂದಿರುತ್ತಾರೆ. ಅವರಿಗೆ ನಿಜಕ್ಕೂ ಒಳ್ಳೆಯದಾಗಿರುತ್ತದೆ. ಮನೆಯಲ್ಲಿ ಮಾತು ಬಿಟ್ಟವರ ಜೊತೆ ಮಾತಾಡಿರುತ್ತಾರೆ, ಹಗುರಾಗಿರುತ್ತಾರೆ. ಸೋಮವಾರ ಆಫೀಸಿಗೆ ಬಂದವರೇ, 'ಇದು ನಮ್ಮ ಟೀಮ್‌ಗೂ ಬೇಕು' ಎನ್ನುತ್ತಾರೆ. ನಮ್ಮಲ್ಲಿ ಸೇಲ್ಸ್ ನೋಡುವ ಹಿರಿಯರೊಬ್ಬರು ಹೀಗೇ ಶುರು ಮಾಡಿದರು. ಅವರ ಪ್ರೀತಿಯಲ್ಲಿ ಕಪಟ ಇರಲಿಲ್ಲ. ಆದರೆ ತಾನಾಗಿ ದುಡ್ಡು ಕೊಟ್ಟು ಹೋಗುವವನು ಬೇಡ ಅನ್ನಿಸಿದರೆ ಎದ್ದು ಬರಬಹುದು. ಬಾಸ್ ಕಳಿಸಿದವನು ಎದ್ದು ಬಂದರೆ ಅವನ ಅಪ್ರೈಸಲ್ ಏನಾಗುತ್ತದೆ?

ಇದು ಹೊಸ ಪ್ರಶ್ನೆ ಏನಲ್ಲ. ಅಮೆರಿಕದಲ್ಲಿ ಇದರ ಚರಿತ್ರೆ ದೊಡ್ಡದಿದೆ. ವರ್ನರ್ ಎರ್ಹಾರ್ಡ್ 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಸ್ಟ್ ಎಂಬ ಶಿಬಿರ ಶುರು ಮಾಡಿದರು. ಅದೇ ಬೇರಿನಿಂದ 1991ರಲ್ಲಿ ಲ್ಯಾಂಡ್‌ಮಾರ್ಕ್ ಎಂಬ ಶಿಬಿರ ನಡೆಸುವ ಸಂಸ್ಥೆ ಬಂತು. ಮುಂದೆ ಕಂಪನಿಗಳಿಗೆಂದೇ ಅದರ ಸಲಹಾ ಸಂಸ್ಥೆಯೂ ಬಂತು, ಈಗ ಅದರ ಹೆಸರು ವ್ಯಾಂಟೊ ಗ್ರೂಪ್. ಯೋಗದ ಬಟ್ಟೆ ಮಾರುವ ಲುಲುಲೆಮನ್ ತನ್ನ ನೌಕರರನ್ನು ಲ್ಯಾಂಡ್‌ಮಾರ್ಕ್ ಶಿಬಿರಕ್ಕೆ ಕಳಿಸುತ್ತಿತ್ತು. ಹೋಗಿ ಬಂದ ಬಹಳ ಜನ ಹೊಗಳುತ್ತಾರೆ, ಕಟುವಾಗಿ ಟೀಕಿಸುವವರೂ ಇದ್ದಾರೆ. ಆ ಜಗಳಕ್ಕೆ ನಾನು ಇಳಿಯುವುದಿಲ್ಲ. ನನ್ನ ಕೆಲಸದ ಮಟ್ಟಿಗೆ ಪ್ರಶ್ನೆ ಬೇರೆ: ಸಂಬಳ ಕೊಡುವವರು ಕಳಿಸಬಹುದಾ?

1987ರಲ್ಲಿ ಕ್ಯಾಲಿಫೋರ್ನಿಯಾದ ಫೋನ್ ಕಂಪನಿ ಪೆಸಿಫಿಕ್ ಬೆಲ್ ತನ್ನ ಸಾವಿರಾರು ನೌಕರರನ್ನು ಚಾರ್ಲ್ಸ್ ಕ್ರೋನ್ ಎಂಬ ಸಲಹೆಗಾರರ ವಿಚಾರಗಳ ಮೇಲೆ ಕಟ್ಟಿದ ಟ್ರೈನಿಂಗ್‌ಗೆ ಕೂರಿಸಿತು. ಖರ್ಚು ಕೋಟಿಗಟ್ಟಲೆ ಡಾಲರ್. ನಮ್ಮ ಯೋಚನೆಯನ್ನೇ ತಿದ್ದಲು ಹೊರಟಿದ್ದಾರೆ ಅಂತ ನೌಕರರು ದೂರಿದರು. ಖರ್ಚು ಕೊನೆಗೆ ಗ್ರಾಹಕರ ಫೋನ್ ಬಿಲ್‌ಗೆ ಬೀಳುವಂತಿದ್ದರಿಂದ ದರ ನಿಯಂತ್ರಿಸುವ ರಾಜ್ಯದ ಆಯೋಗವೇ ತನಿಖೆಗೆ ಇಳಿಯಿತು. ಆಲ್‌ಸ್ಟೇಟ್ ವಿಮಾ ಕಂಪನಿಯದು ಇನ್ನೊಂದು ಕಥೆ. 1988ರಿಂದ 1992ರವರೆಗೆ ಅಲ್ಲಿ ನಡೆದ ಮ್ಯಾನೇಜ್‌ಮೆಂಟ್ ಟ್ರೈನಿಂಗ್‌ನ ಪಾಠಗಳು ಸೈಂಟಾಲಜಿ ಎಂಬ ಪಂಥದ ಸ್ಥಾಪಕ ಹಬ್ಬರ್ಡ್ ಬರಹಗಳಿಂದ ಬಂದವು ಎಂದು 1995ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಬರೆಯಿತು. ಕೆಲಸದಲ್ಲಿ ಹಿಂದೆ ಬಿದ್ದವರಿಗೆ ಮರುಕ ತೋರಬೇಡಿ ಎಂಬುದೂ ಆ ಪಾಠದಲ್ಲಿತ್ತು.

ನನಗೆ ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ನ್ಯೂಯಾರ್ಕ್‌ನ ಆನಿಯನ್‌ಹೆಡ್ ಪ್ರಕರಣ. ಅಲ್ಲಿನ ಒಂದು ಕಂಪನಿಯ ಮುಖ್ಯಸ್ಥರು, ಆಫೀಸಿನ ವಾತಾವರಣ ಸುಧಾರಿಸಲಿ ಅಂತ ತಮ್ಮ ಹತ್ತಿರದ ಸಂಬಂಧದ ಹೆಂಗಸನ್ನೇ ಕನ್ಸಲ್ಟೆಂಟ್ ಆಗಿ ಕರೆತಂದರು. ಆನಿಯನ್‌ಹೆಡ್ ಅವರೇ ರೂಪಿಸಿದ ಪದ್ಧತಿ. ಪ್ರಾರ್ಥನೆ, ಮೇಣದ ಬತ್ತಿ, ಗುಂಪಿನಲ್ಲಿ ಕೂತು ಸ್ವಂತ ವಿಷಯ ಹೇಳಿಕೊಳ್ಳುವುದು, ಸಹೋದ್ಯೋಗಿಗಳಿಗೆ 'ಐ ಲವ್ ಯೂ' ಅನ್ನುವುದು. ಒಪ್ಪದವರು ಕೆಲಸ ಕಳೆದುಕೊಂಡೆವು ಎಂದರು. ಉದ್ಯೋಗದಲ್ಲಿ ಭೇದಭಾವದ ದೂರು ನೋಡುವ ಅಮೆರಿಕದ ಆಯೋಗ ಇಇಒಸಿ 2014ರಲ್ಲಿ ಕೇಸು ಹಾಕಿತು. ಇದು ಧರ್ಮ ಅಲ್ಲ, ಬರೀ ವರ್ಕ್‌ಶಾಪ್ ಎಂದು ಕಂಪನಿ ವಾದಿಸಿತು. ಕೋರ್ಟ್ 2016ರಲ್ಲಿ ಅದನ್ನು ಒಪ್ಪಲಿಲ್ಲ. 2018ರ ಏಪ್ರಿಲ್‌ನಲ್ಲಿ ಜ್ಯೂರಿ ನೌಕರರಿಗೆ 51 ಲಕ್ಷ ಡಾಲರ್ ಕೊಡಬೇಕು ಎಂದಿತು. ಇದೇ ಇಇಒಸಿ 1988ರಷ್ಟು ಹಿಂದೆಯೇ, ಇಂಥ ಟ್ರೈನಿಂಗ್ ತನ್ನ ನಂಬಿಕೆಗೆ ವಿರುದ್ಧ ಎಂದು ನೌಕರ ಹೇಳಿದರೆ ಕಂಪನಿ ಅದಕ್ಕೆ ಅವಕಾಶ ಮಾಡಿಕೊಡಬೇಕು ಎಂದು ಸೂಚನೆ ಹೊರಡಿಸಿತ್ತು. ನಮ್ಮಲ್ಲಿ ಖಾಸಗಿ ಕಂಪನಿಯ ನೌಕರನಿಗೆ ಇಂಥದ್ದೊಂದು ಆಯೋಗ ಇಲ್ಲ. ಅವನು ಬರಬೇಕಾದದ್ದು ಎಚ್‌ಆರ್ ಹತ್ತಿರ, ಅಂದರೆ ನಮ್ಮ ಹತ್ತಿರ.

ಕೆಂಡ ಹಾಯುವುದನ್ನೂ ಈಗ ಟೀಮ್ ಬಿಲ್ಡಿಂಗ್ ಅನ್ನುತ್ತಾರೆ. 2022ರ ಜೂನ್‌ನಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಹತ್ತಿರ ಒಂದು ಕಂಪನಿಯ ಕಾರ್ಯಕ್ರಮದಲ್ಲಿ ಕೆಂಡ ತುಳಿದು 25 ಜನ ಗಾಯಗೊಂಡರು. ನಮ್ಮೂರ ಜಾತ್ರೆಗಳಲ್ಲಿ ಕೊಂಡ ಹಾಯುವವರನ್ನು ನಾನು ನೋಡಿದ್ದೇನೆ. ಅವರು ಹರಕೆ ಹೊತ್ತು, ಉಪವಾಸ ಇದ್ದು, ತಾವಾಗಿ ಬರುತ್ತಾರೆ. ಅಲ್ಲಿ ಪಕ್ಕದಲ್ಲಿ ನಿಂತು ನೋಡುತ್ತಿರುವವರು ಊರಿನವರು. ರೆಸಾರ್ಟ್‌ನಲ್ಲಿ ನಿಂತು ನೋಡುತ್ತಿರುವವರು ರಿಪೋರ್ಟಿಂಗ್ ಮ್ಯಾನೇಜರ್.

ನಮ್ಮಲ್ಲಿಗೆ ಬಂದದ್ದು ಈ ಯಾವ ಹೆಸರೂ ಅಲ್ಲ, ಇಲ್ಲಿಯದೇ ಒಂದು ಸಣ್ಣ ಸಂಸ್ಥೆ. ಯಾವ ಹೊತ್ತಿಗೆ ಏನು ಮಾಡಿಸುತ್ತೀರಿ, ಬರೆದು ಕೊಡಿ ಎಂದು ಕೇಳಿದೆ. 'ಅದು ಹೇಳೋ ವಿಷಯ ಅಲ್ಲ ಮೇಡಂ, ಅನುಭವಿಸಬೇಕು' ಎಂದರು. ಕ್ರೇನ್ ಆಪರೇಟರ್‌ಗೆ ಅರ್ಧ ದಿನದ ಟ್ರೈನಿಂಗ್ ಕೊಡುವವರೂ ನಮಗೆ ಗಂಟೆಗಂಟೆಯ ಪಟ್ಟಿ ಕೊಡುತ್ತಾರೆ. ಇವರು ಕೊಡಲಿಲ್ಲ. ಆದರೂ ಸೇಲ್ಸ್ ಮತ್ತು ಸರ್ವೀಸ್‌ನ ಒಂದು ಬ್ಯಾಚ್ ಹೋಗಲಿ ಎಂದು ಮೇಲಿನಿಂದ ಆದೇಶ ಬಂತು. ಹಿಂದಿನ ಸಾಲಿನಲ್ಲಿ ಕೂತು ನೋಡಲು ನಾನೂ ಹೋದೆ.

ಎರಡನೇ ದಿನ ಮಧ್ಯಾಹ್ನ ಸರ್ವೀಸ್ ವಿಭಾಗದ ಒಬ್ಬ ಹುಡುಗನನ್ನು ಎಬ್ಬಿಸಿ ನಿಲ್ಲಿಸಿದರು. ಸಭೆಗಳಲ್ಲಿ ಮಾತೇ ಆಡದ, ಕೆಲಸದಲ್ಲಿ ಬಲು ಅಚ್ಚುಕಟ್ಟಾದ ಹುಡುಗ. ಅಪ್ಪನ ಬಗ್ಗೆ ಹೇಳು ಎಂದರು. ಅವನು ಎರಡು ಮಾತು ಆಡಿ ನಿಲ್ಲಿಸಿದ. 'ಈಗಲೇ ಅಪ್ಪನಿಗೆ ಫೋನ್ ಮಾಡು, ಎಲ್ಲರ ಮುಂದೆ' ಎಂದು ಮೊಬೈಲ್ ಅವನ ಕೈಗಿಟ್ಟರು. ಅವನು ಮೊಬೈಲನ್ನೇ ನೋಡುತ್ತ ನಿಂತ. 'ನೋಡಿ, ಓಡಿ ಹೋಗ್ತಿದ್ದಾನೆ. ಕಸ್ಟಮರ್ ಮುಂದೆಯೂ ಹೀಗೇ ಓಡ್ತಾನೆ' ಎಂದು ಟ್ರೈನರ್ ಸಭೆಗೆ ಹೇಳಿದರು. ಅವನ ಮ್ಯಾನೇಜರ್ ಮುಂದಿನ ಸಾಲಲ್ಲಿ ಕೂತು ತಲೆ ಆಡಿಸುತ್ತಿದ್ದರು. ನಾನು ಎದ್ದು ಟೀ ಬ್ರೇಕ್ ಕೇಳಿದೆ. ಅದಕ್ಕಿಂತ ಕೆಟ್ಟದ್ದು ಮುಂದಿನ ವಾರ ಆಯಿತು. ಟಾರ್ಗೆಟ್ ರಿವ್ಯೂನಲ್ಲಿ ಅದೇ ಮ್ಯಾನೇಜರ್, 'ನಿನ್ನ ಪ್ರಾಬ್ಲಮ್ ಏನು ಅಂತ ಅವತ್ತೇ ಗೊತ್ತಾಯ್ತಲ್ಲ' ಅಂದರು. ಹಾಲ್‌ನಲ್ಲಿ ಆಡಿದ್ದು ಹಾಲ್‌ನಲ್ಲೇ ಉಳಿಯುತ್ತದೆ ಎಂದು ಮೊದಲ ದಿನ ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದರು. ಸಂಬಳ, ಪ್ರಮೋಷನ್ ಎಲ್ಲ ಕೈಯಲ್ಲಿಟ್ಟುಕೊಂಡವರು ಅದೇ ಹಾಲ್‌ನಲ್ಲಿ ಕೂತಿರುವಾಗ ಆ ಮಾತಿಗೆ ಬೆಲೆ ಎಲ್ಲಿ?

ಎರಡನೇ ಬ್ಯಾಚ್‌ನ ಪಟ್ಟಿ ಹೊರಟ ಮೇಲೆ ಅಕೌಂಟ್ಸ್‌ನ ಒಬ್ಬ ಹೆಣ್ಣುಮಗಳು ನನ್ನ ಕ್ಯಾಬಿನ್‌ಗೆ ಬಂದರು. ಕೈಯಲ್ಲಿ ಆ ಸಂಸ್ಥೆಯ ಒಪ್ಪಿಗೆ ಫಾರಂ. ಅದರಲ್ಲಿ ಒಂದು ಪ್ರಶ್ನೆ: ನೀವು ಮಾನಸಿಕ ಆರೋಗ್ಯಕ್ಕೆ ಚಿಕಿತ್ಸೆ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಹೌದಾದರೆ ಬರಬೇಡಿ ಎಂಬ ಸೂಚನೆ. ಏನಾದರೂ ಆದರೆ ಸಂಸ್ಥೆ ಹೊಣೆಯಲ್ಲ ಎಂಬ ಸಾಲು, ಕೆಳಗೆ ಸಹಿಗೆ ಜಾಗ. ತುಂಬಿದ ಫಾರಂಗಳನ್ನು ವಿಭಾಗದ ಮುಖ್ಯಸ್ಥರು ಒಟ್ಟುಮಾಡಿ ಕಳಿಸಬೇಕಿತ್ತು. 'ಮೇಡಂ, ನಿಜ ಬರೆದರೆ ನಮ್ಮ ಸರ್‌ಗೆ ಗೊತ್ತಾಗತ್ತೆ. ಸುಳ್ಳು ಬರೆದು ಹೋದರೆ ಅಲ್ಲಿ ನನಗೇನಾದ್ರೂ ಆದ್ರೆ ಯಾರು ನೋಡ್ತಾರೆ? ಸುಮ್ನೆ ರಜ ಹಾಕ್ಲಾ?' ಎಂದರು.

ಆ ಫಾರಂ ನನ್ನ ಮೇಜಿನ ಮೇಲೆ ಇಟ್ಟುಕೊಂಡು ಅವತ್ತೇ ಎಂಡಿ ಅವರಿಗೆ ಒಂದು ಪುಟದ ಟಿಪ್ಪಣಿ ಬರೆದೆ. ಟ್ರೈನಿಂಗ್ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಅದರಲ್ಲಿ ಇರಲಿಲ್ಲ. ಎರಡೇ ವಿಷಯ ಬರೆದೆ. ಇದು ಕೆಲವರಿಗೆ ಅಪಾಯ ಆಗಬಹುದು ಎಂದು ಆ ಸಂಸ್ಥೆಯೇ ಒಪ್ಪಿ ಸಹಿ ಕೇಳುತ್ತಿದೆ. ನಾವು ಅದನ್ನು ಕಡ್ಡಾಯ ಮಾಡಿದರೆ, ತಪ್ಪಿಸಿಕೊಳ್ಳಲು ನೌಕರರು ತಮ್ಮ ಕಾಯಿಲೆಯನ್ನು ಮ್ಯಾನೇಜರ್‌ಗೆ ಹೇಳಲೇಬೇಕಾಗುತ್ತದೆ. ಫಾರಂನ ಒಂದು ಖಾಲಿ ಪ್ರತಿ ಜೊತೆಗಿಟ್ಟೆ. ಎಂಡಿ ಓದಿ, 'ಇದನ್ನ ನಾನೂ ತುಂಬಬೇಕಾ?' ಎಂದು ಕೇಳಿದರು. ನೀವೂ ಬರುವುದಾದರೆ ಹೌದು ಸರ್, ಎಂದೆ. ಆ ಬ್ಯಾಚ್ ನಿಂತಿತು.

ಸೇಲ್ಸ್‌ನ ಹಿರಿಯರಿಗೆ ಬೇಸರವಾಯಿತು. 'ನನ್ನ ಜೀವನ ಬದಲಾಯ್ತಮ್ಮ, ಇವರಿಗೂ ಆಗ್ಲಿ ಅಂತ' ಎಂದರು. ಅದು ಸುಳ್ಳಲ್ಲ. ಹಾಗಾಗಿ ಬಾಗಿಲು ಪೂರ್ತಿ ಮುಚ್ಚದೆ ಸಂಸ್ಥೆಯ ಮುಂದೆ ಷರತ್ತು ಇಟ್ಟೆವು. ಏನೇನು ಮಾಡಿಸುತ್ತೀರೋ ಮೊದಲೇ ಬರೆದು ಕೊಡಿ. ಬರುವುದು ಬಿಡುವುದು ಅವರವರ ಇಷ್ಟ, ಯಾರು ಬಂದರು ಎಂದು ಮ್ಯಾನೇಜರ್‌ಗೆ ತಿಳಿಸಬೇಡಿ. ಬಾಸ್ ಮತ್ತು ಕೈಕೆಳಗಿನವರು ಒಂದೇ ಬ್ಯಾಚ್‌ನಲ್ಲಿ ಬೇಡ. ಆರೋಗ್ಯದ ಫಾರಂ ಕಂಪನಿಯ ಕೈಗೆ ಬರಬಾರದು. ನಮ್ಮ ನೌಕರರಿಗೆ ನಿಮ್ಮ ಮುಂದಿನ ಕೋರ್ಸ್ ಮಾರಬೇಡಿ, ಮನೆಯವರನ್ನು ಕರೆತನ್ನಿ ಎಂದು ಒತ್ತಾಯಿಸಬೇಡಿ.

ಫೀ ಕಡಿಮೆ ಮಾಡಲು ಅವರು ತಯಾರಿದ್ದರು. ಬ್ಯಾಚ್ ಬೇರೆ ಮಾಡಲೂ ಒಪ್ಪಿದರು. ಕೊನೆಯ ಷರತ್ತಿಗೆ ಮಾತ್ರ ಒಪ್ಪಲಿಲ್ಲ. ಅವತ್ತು ನನಗೆ ಲೆಕ್ಕ ಅರ್ಥವಾಯಿತು. ನಾವು ಕೊಡುವ ಫೀ ಅವರಿಗೆ ಮುಖ್ಯವೇ ಅಲ್ಲ. ಮೊದಲ ಬ್ಯಾಚ್‌ನ ಕೊನೆಯ ಸಂಜೆ ಹಾಲ್‌ನ ಹಿಂದೆ ಮೇಜು ಹಾಕಿ ಮುಂದಿನ ಹಂತಕ್ಕೆ ಹೆಸರು ಬರೆಸಿಕೊಳ್ಳುತ್ತಿದ್ದರು. ಅಲ್ಲಿಂದಲೇ ಇಎಂಐ ಮೇಲೆ ದುಡ್ಡು ಕಟ್ಟಿದವರೂ ಇದ್ದರು. ಕಂಪನಿ ಕರೆದುಕೊಂಡು ಬಂದ ಕಾರಣ ಅವರು ನಂಬಿದ್ದರು.

ನಿಮ್ಮ ಆಫೀಸಿಗೂ ಇಂಥವರು ಬಂದರೆ ಪಿಪಿಟಿ ನೋಡುವ ಮೊದಲು ಎರಡು ಕಾಗದ ತರಿಸಿಕೊಳ್ಳಿ. ಒಂದು, ಭಾಗವಹಿಸುವವರು ಸಹಿ ಹಾಕುವ ಫಾರಂ. ಇನ್ನೊಂದು, ಅವರ ಮುಂದಿನ ಹಂತಗಳ ಫೀ ಪಟ್ಟಿ. ಎರಡನ್ನೂ ನಿಮ್ಮ ಎಂಡಿ ಕೈಯಲ್ಲಿ ಓದಿಸಿ. ನಾವು ಆ ವರ್ಷ ಉಳಿದ ಬಜೆಟ್‌ನಲ್ಲಿ ಸೂಪರ್‌ವೈಸರ್‌ಗಳಿಗೆ ಒಂದು ದಿನದ ಪಾಠ ಮಾಡಿಸಿದೆವು: ಕೆಲಸ ಸರಿಯಾಗದಿದ್ದಾಗ ಹುಡುಗರನ್ನು ಪಕ್ಕಕ್ಕೆ ಕರೆದು ಹೇಗೆ ಮಾತಾಡಬೇಕು ಎಂಬುದರ ಮೇಲೆ. ಸರ್ವೀಸ್‌ನ ಆ ಮ್ಯಾನೇಜರ್ ಹೆಸರನ್ನು ಪಟ್ಟಿಯಲ್ಲಿ ಮೊದಲು ಬರೆದವಳು ನಾನೇ.