ದಿನಾ ಅದೇ ರೈಲಲ್ವಾ?

ಲಂಡನ್ನಿನ ಅಂಡರ್‌ಗ್ರೌಂಡ್ ರೈಲು, ಬಸ್ಸು, ಹಳೇ ಸ್ಟೇಷನ್ನುಗಳ ಫೋಟೋ ತೆಗೆಯಲು ಶುರುಮಾಡಿ ಇಪ್ಪತ್ತು ವರ್ಷ ದಾಟಿತು. ಯಾರ ಮನೆಗೆ ಹೋದರೂ ಕೂರುವ ಮೊದಲೇ ಈ ಪ್ರಶ್ನೆ ಬರುತ್ತದೆ. "ಸುಮ್ನೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ದಿನಾ ಅದೇ ರೈಲಲ್ವಾ? ತೆಗೆಯೋಕೆ ಏನಿದೆ ಅದರಲ್ಲಿ?"

ಬೇಜಾರಾಗುತ್ತದೆ. 'ಸುಮ್ನೆ' ಅಂತ ಶುರುವಾಗುವ ಪ್ರಶ್ನೆ ಯಾವತ್ತೂ ಸುಮ್ನೆ ಇರುವುದಿಲ್ಲ. ಇದೇ ಜನ ಸಂಜೆಯಾದರೆ ಸೂರ್ಯ ಮುಳುಗುವುದನ್ನು ತೆಗೆದು ಗ್ರೂಪಿಗೆ ಹಾಕುತ್ತಾರೆ. ದಿನಾ ಅದೇ ಸೂರ್ಯ ಅಲ್ವಾ ಅಂತ ನಾನು ಕೇಳಿದ್ದೇನಾ?

ಉಳಿದ ಪ್ರಶ್ನೆಗಳನ್ನು ಬೇಗ ಮುಗಿಸುತ್ತೇನೆ. ದುಡ್ಡು ಬರುತ್ತಾ? ಇಲ್ಲ. ಪೊಲೀಸರು ಹಿಡಿಯಲ್ವಾ? ಇಲ್ಲ, ಸ್ವಂತಕ್ಕೆ ತೆಗೆದುಕೊಳ್ಳಲು ಅಡ್ಡಿಯಿಲ್ಲ. ಟ್ರೈಪಾಡ್ ಇಡಬಾರದು, ಫ್ಲಾಶ್ ಹಾಕಬಾರದು. ಕತ್ತಲ ಸುರಂಗದಿಂದ ಹೊರಗೆ ಬರುವ ಡ್ರೈವರನ ಕಣ್ಣಿಗೆ ಫ್ಲಾಶ್ ಹೊಡೆಯುವವನಿಗೆ ಕ್ಯಾಮೆರಾ ಕೊಟ್ಟಿದ್ದೇ ತಪ್ಪು. ಹೆಂಡತಿ ಏನೂ ಅನ್ನಲ್ವಾ? ಅನ್ನುತ್ತಾಳೆ.

ಈಗ 'ಅದೇ ರೈಲು' ವಿಷಯ. ಬೇಕರ್ ಸ್ಟ್ರೀಟಿನ ಐದು ಮತ್ತು ಆರನೇ ಪ್ಲಾಟ್‌ಫಾರಂಗೆ ಹೋಗಿ ನಿಲ್ಲಿ. 1863ರ ಜನವರಿಯಲ್ಲಿ ಜನ ಮೊದಲ ಸಲ ನೆಲದಡಿಯ ರೈಲು ಹತ್ತಿದ ದಾರಿ ಅದು. ಇಟ್ಟಿಗೆಯ ಕಮಾನು, ಎರಡೂ ಕಡೆ ಗೋಡೆಯಲ್ಲಿ ಓರೆಯಾಗಿ ಮೇಲಕ್ಕೆ ಹೋಗುವ ಗೂಡುಗಳು. ಆಗ ಓಡುತ್ತಿದ್ದದ್ದು ಉಗಿಬಂಡಿ. ಹೊಗೆ ಹೊರಗೆ ಹೋಗಲಿ, ಬೆಳಕು ಒಳಗೆ ಬರಲಿ ಅಂತ ಮಾಡಿದ ಗೂಡುಗಳು ಅವು. ಈಗ ಅಲ್ಲಿ ವಿದ್ಯುತ್ ದೀಪ ಇದೆ. ಸೂರ್ಯನ ಕೆಲಸವನ್ನು ದೀಪ ಮಾಡುತ್ತಿದೆ. ಜನ ಫೋನ್ ನೋಡುತ್ತಾ ಅದರ ಕೆಳಗೆ ನಿಂತಿರುತ್ತಾರೆ.

ಅರ್ನೋಸ್ ಗ್ರೋವ್ ಸ್ಟೇಷನ್ ನೋಡಿ. ವಾಸ್ತುಶಿಲ್ಪಿ ಚಾರ್ಲ್ಸ್ ಹೋಲ್ಡನ್ ವಿನ್ಯಾಸ ಮಾಡಿದ್ದು, 1932ರದ್ದು. ದುಂಡಗಿನ ಟಿಕೆಟ್ ಹಾಲ್, ಅದರ ನಡುವೆ ಒಂದೇ ಒಂದು ಕಂಬ. ಅದು ಮೇಲೆ ಹೋಗಿ ಛತ್ರಿಯ ಕೋಲಿನ ಹಾಗೆ ಚಾವಣಿಯನ್ನು ಹಿಡಿದುಕೊಂಡಿದೆ. ಅಲ್ಲಿ ಬೆಳಿಗ್ಗೆ ಎಂಟಕ್ಕೆ ಬೀಳುವ ಬೆಳಕು ಹತ್ತಕ್ಕೆ ಇರುವುದಿಲ್ಲ. ನಾನು ಒಂಬತ್ತು ಸಲ ಹೋಗಿದ್ದೇನೆ. ಜಾಸ್ತಿ ಆಯಿತು ಅನ್ನಿಸಿಲ್ಲ.

ಇನ್ನು ಡಿಸ್ಟ್ರಿಕ್ಟ್ ಲೈನಿನ ಹಳೇ ಡಿ ಸ್ಟಾಕ್ ರೈಲು. ಸ್ಟಾಕ್ ಅಂದರೆ ರೈಲಿನ ಮಾದರಿ. 2017ರಲ್ಲಿ ಅದರ ಓಡಾಟ ನಿಲ್ಲಿಸಿದರು. ಅದರಲ್ಲಿ ಕೆಲವು ಈಗ ಸಮುದ್ರ ದಾಟಿ ಐಲ್ ಆಫ್ ವೈಟ್ ದ್ವೀಪದಲ್ಲಿ ಓಡುತ್ತಿವೆ. ಮೈ ಅದೇ. ಮೋಟಾರು ಬೇರೆ, ಒಳಗಿನ ಸೀಟು ಬೇರೆ. ಬೇಕಾದರೆ ಅಲ್ಲಿ ನಿಂತು ಕೇಳಿ, ಅದೇ ರೈಲಲ್ವಾ ಅಂತ. ನಾನೂ ನಿಮ್ಮ ಜೊತೆ ಯೋಚನೆ ಮಾಡುತ್ತೇನೆ.

ಯಾರೂ ಕೇಳದ ಪ್ರಶ್ನೆ ಒಂದಿದೆ. ಯಾವ ಫೋಟೋ ತೆಗೆಯಲಿಲ್ಲ?

ಮೆಟ್ರೊಪಾಲಿಟನ್ ಲೈನಿನಲ್ಲಿ ಎ ಸ್ಟಾಕ್ ಅಂತ ರೈಲಿತ್ತು, 1961ರಿಂದ ಓಡಿದ್ದು. ಒಂದು ಕಡೆ ಮೂರು ಜನರ ಸೀಟು, ಇನ್ನೊಂದು ಕಡೆ ಎರಡು ಜನರದ್ದು. ತಲೆಯ ಮೇಲೆ ಸಾಮಾನಿಡುವ ಅಟ್ಟಣಿಗೆ. ವರ್ಷಗಟ್ಟಲೆ ಬೆಳಿಗ್ಗೆ ಅಲ್ಲಿ ಬ್ಯಾಗ್ ಇಟ್ಟು ಕೂತಿದ್ದೇನೆ. 2012ರ ಸೆಪ್ಟೆಂಬರ್‌ನಲ್ಲಿ ಕೊನೆಯ ರೈಲು ಓಡಿತು. ಅವತ್ತು ನಾನೂ ಹೋಗಿದ್ದೆ. ಮನೆಗೆ ಬಂದು ನೋಡಿದರೆ ರೈಲಿನ ಮುಖ, ರೈಲಿನ ಮುಖ, ಬೇರೆಯವರ ಕ್ಯಾಮೆರಾ, ಮತ್ತೆ ರೈಲಿನ ಮುಖ. ಹಳೇ ಫೋಟೋಗಳನ್ನೆಲ್ಲ ಹುಡುಕಿದೆ. ಅಟ್ಟಣಿಗೆ ಒಂದರಲ್ಲೂ ಇಲ್ಲ. ನನ್ನ ಬ್ಯಾಗಿನ ಜಾಗವನ್ನೇ ನಾನು ತೆಗೆದಿರಲಿಲ್ಲ. ಹೊಸ ರೈಲಿನಲ್ಲಿ ಏರ್ ಕಂಡಿಷನ್ ಇದೆ, ಈ ತುದಿಯಿಂದ ಆ ತುದಿಗೆ ನಡೆಯಬಹುದು. ಬ್ಯಾಗ್ ತೊಡೆಯ ಮೇಲೆ.

ಬುದ್ಧಿ ಮೊದಲೇ ಬರಬೇಕಿತ್ತು. 2005ರ ಡಿಸೆಂಬರ್‌ನಲ್ಲಿ 159ನೇ ನಂಬರಿನ ರೂಟ್‌ಮಾಸ್ಟರ್ ಬಸ್ಸುಗಳ ಕೊನೆಯ ದಿನವೂ ಇದೇ ಆಗಿತ್ತು. ಹಿಂದೆ ಬಾಗಿಲಿಲ್ಲದ, ಹಾರಿ ಹತ್ತಬಹುದಾದ ಬಸ್ಸು. ಅವತ್ತು ರಸ್ತೆ ತುಂಬ ಜನ. ಅದಕ್ಕೆ ಹಿಂದಿನ ಮಂಗಳವಾರ ನಾನು ಅದೇ ಬಸ್ಸಿನಲ್ಲಿ ಕೂತು ನಿದ್ದೆ ಹೊಡೆದಿದ್ದೆ.

ಅದಕ್ಕೇ ಈಗ ಬೇಕರ್‌ಲೂ ಲೈನಿಗೆ ಹೋಗುತ್ತೇನೆ. ಅಲ್ಲಿ ಓಡುವುದು 1972 ಸ್ಟಾಕ್, ಐವತ್ತು ವರ್ಷ ದಾಟಿದ ರೈಲು. ಡಬ್ಬಿಯ ನಡುವೆ ಎದುರುಬದುರಾಗಿ ಕೂರುವ ಸೀಟುಗಳು ಇನ್ನೂ ಇವೆ. ಹೋದ ತಿಂಗಳು ಖಾಲಿ ಸೀಟೊಂದಕ್ಕೆ ಕ್ಯಾಮೆರಾ ಹಿಡಿದಿದ್ದೆ. ಪಕ್ಕದಲ್ಲಿ ಕೂತಿದ್ದವರು ಒಂದು ನಿಮಿಷ ನನ್ನನ್ನೇ ನೋಡಿದರು. ಈಗ ಕೇಳುತ್ತಾರೆ ಅಂದುಕೊಂಡೆ. ಕೇಳಲಿಲ್ಲ. ಅಡ್ಡ ಆಗುತ್ತದೇನೋ ಅಂತ ಸೀಟಿನ ತುದಿಯಲ್ಲಿದ್ದ ತಮ್ಮ ಬ್ಯಾಗನ್ನು ಎತ್ತಿಕೊಳ್ಳಲು ಹೋದರು.

"ಬ್ಯಾಗ್ ಅಲ್ಲೇ ಇರಲಿ ಬಿಡಿ" ಅಂದೆ.