ಸೀಳಿದ ಮಾವಿನಮರ: ಇಲ್ಲಿಯವರೆಗಿನ ಕೆಲಸ

ಮುಂಬಯಿಯ ಘಾಟ್ಕೋಪರಿನಲ್ಲಿ ಜಾಹೀರಾತು ಫಲಕ ಉರುಳಿತಲ್ಲ, 2024ರ ಮೇ 13ರ ಆ ಧೂಳುಗಾಳಿಗೇ ಮುಲುಂಡಿನ ನಮ್ಮ ಸೊಸೈಟಿಯ ಮಾವಿನಮರ ಕವಲಿನಲ್ಲಿ ಸೀಳಿದ್ದು. ಹೆಚ್ಚುಕಡಿಮೆ ಒಂದೇ ದಪ್ಪದ ಎರಡು ಕಾಂಡಗಳು ಇಕ್ಕಟ್ಟಾಗಿ ಮೇಲೆದ್ದ ಕವಲು ಅದು. ಅಂಥಲ್ಲಿ ತೊಗಟೆ ನಡುವೆ ಸಿಕ್ಕಿಕೊಳ್ಳುವುದರಿಂದ ಒಳಗಿನ ಕಟ್ಟಿಗೆ ಗಟ್ಟಿಯಾಗಿ ಬೆಸೆಯುವುದೇ ಇಲ್ಲ. ಮೇ ತಿಂಗಳು, ಕಾಯಿಯ ಭಾರ ಬೇರೆ.

ಮರ ಕಡಿಸಲು ಪಾಲಿಕೆಯ ವೃಕ್ಷ ಪ್ರಾಧಿಕಾರದ ಅನುಮತಿ ಬೇಕು. ಮಹಾರಾಷ್ಟ್ರದಲ್ಲಿ ಮರಗಳ ರಕ್ಷಣೆಗೆ 1975ರ ಕಾಯ್ದೆ ಇದೆ. ಹಾಗಾಗಿ ಸಭೆಯಲ್ಲಿ ಹೆಚ್ಚಿನವರ ಮಾತು, "ಮೇಲಿನದ್ದೆಲ್ಲ ಬೋಳಿಸಿಬಿಡಿ, ಭಾರ ಇಳಿಯುತ್ತೆ" ಎಂದು. ಕೆಳಮನೆಯ ಉಡುಪಿ ಕಡೆಯ ಅಜ್ಜಿ ಒಬ್ಬರೇ ಕೇಳಿದ್ದು: "ಎಲೆಯೇ ಇಲ್ಲದಿದ್ರೆ ಅದು ಉಣ್ಣೋದು ಯಾವ ಬಾಯಲ್ಲಿ ಮಗಾ?" ನನ್ನ ವಾದವೂ ಅದೇ. ಬೋಳಿಸಿದ ಮರ ಕೂಡಿಟ್ಟ ಶಕ್ತಿಯನ್ನೆಲ್ಲ ಸುರಿದು ಚಿಗುರುತ್ತದೆ. ಆ ಚಿಗುರು ಕಡಿದ ತುದಿಯ ತೊಗಟೆಯಂಚಿಗೆ ಸಡಿಲವಾಗಿ ಅಂಟಿಕೊಂಡೇ ಕೊಂಬೆಯಾಗುತ್ತದೆ, ನಾಲ್ಕಾರು ವರ್ಷಕ್ಕೆ ಭಾರವಾಗಿ ಅದೂ ಮುರಿಯುತ್ತದೆ.

ಕೊಂಬೆ ಸವರಲೂ ಬೇಕಿದ್ದ ಅನುಮತಿ ಸಿಕ್ಕ ಮೇಲೆ ವೃಕ್ಷತಜ್ಞರು ಮೊದಲು ತೆಗೆದದ್ದು ನೇತಾಡುತ್ತಿದ್ದ ಮುರುಕು ಕೊಂಬೆಗಳನ್ನು. ಕೆಳಗಿನಿಂದ ಅರ್ಧ ಗರಗಸ ಹಾಕಿ, ಆಮೇಲೆ ಮೇಲಿನಿಂದ. ಇಲ್ಲದಿದ್ದರೆ ಬೀಳುವ ಕೊಂಬೆ ತೊಗಟೆಯನ್ನೂ ಸುಲಿದುಕೊಂಡು ಬರುತ್ತದೆ. ಕೊಂಬೆಯ ಬುಡದ ಉಬ್ಬಿದ ಉಂಗುರವನ್ನು ಮುಟ್ಟಲಿಲ್ಲ. ಗಾಯಕ್ಕೆ ಡಾಂಬರು ಬಳಿಯಲೂ ಬಿಡಲಿಲ್ಲ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿದ್ದು ಇದನ್ನೇ: ಮರ ಗಾಯವನ್ನು ಮಾಯಿಸುವುದಿಲ್ಲ, ಸುತ್ತ ಗೋಡೆ ಕಟ್ಟಿ ಕೊಳೆತವನ್ನು ಅಲ್ಲೇ ತಡೆಯುತ್ತದೆ. ಬಳಿದ ಬಣ್ಣ ಆ ಕೊಳೆತವನ್ನು ನಿಲ್ಲಿಸದು.

ಆಮೇಲೆ ಕಟ್ಟುವ ಕೆಲಸ. ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಹಾಕಿ ಎರಡೂ ಕಾಂಡಗಳನ್ನು ನಿಧಾನವಾಗಿ ಹತ್ತಿರ ತಂದು, ಬಿರುಕಿಗೆ ಅಡ್ಡವಾಗಿ ಉಕ್ಕಿನ ರಾಡ್ ತೂರಿಸಿ, ಎರಡೂ ಕಡೆ ವಾಷರ್ ಇಟ್ಟು ನಟ್ ಬಿಗಿದರು. ಕವಲಿನಿಂದ ತುದಿಯವರೆಗಿನ ಎತ್ತರದ ಸುಮಾರು ಮೂರನೇ ಎರಡು ಭಾಗದಲ್ಲಿ ಕಾಂಡದಿಂದ ಕಾಂಡಕ್ಕೆ ಉಕ್ಕಿನ ಹಗ್ಗ. ಮರಕ್ಕೆ ತೂತು ಕೊರೆಯುವುದೇ ಎಂದು ಸಂಕಟವಾಗಿತ್ತು. ಆದರೆ ತಂತಿ ಸುತ್ತಿ ಕಟ್ಟಿದ್ದರೆ ಕಾಂಡ ದಪ್ಪವಾದಂತೆ ಅದು ತೊಗಟೆಯೊಳಗೆ ಹೂತು, ಎಲೆಯ ಆಹಾರ ಬೇರಿಗಿಳಿಯುವ ದಾರಿಯನ್ನೇ ಮುಚ್ಚುತ್ತಿತ್ತು. ಸಣ್ಣ ತೂತಿನ ಸುತ್ತ ಮರ ಗೋಡೆ ಕಟ್ಟಿಕೊಳ್ಳಬಲ್ಲದು.

ಪಾರ್ಕಿಂಗ್ ಕಡೆ ಚಾಚಿದ ತಗ್ಗಿನ ಕೊಂಬೆಗೆ ರಬ್ಬರ್ ಮೆತ್ತೆಯ ಕಬ್ಬಿಣದ ಊರುಗೋಲು ಕೊಟ್ಟಿದ್ದೇವೆ. ಆಲಕ್ಕಾದರೆ ಬಿಳಲೇ ಊರುಗೋಲು: ಹೌರಾದ ದೊಡ್ಡ ಆಲದ ಮೂಲಕಾಂಡವನ್ನು ಶಿಲೀಂಧ್ರ ಹತ್ತಿ 1925ರಲ್ಲಿ ತೆಗೆದರೂ ಮರ ಬದುಕಿದೆ. ನಮ್ಮ ರಾಮೋಹಳ್ಳಿಯ ದೊಡ್ಡಾಲದ ಮರವೂ ಮೂಲಕಾಂಡವಿಲ್ಲದೆ ನಿಂತಿದೆ. ಮಾವಿಗೆ ಆ ಭಾಗ್ಯವಿಲ್ಲ, ನಾವೇ ಕೊಡಬೇಕು.

ಬುಡದ ಪೇವರ್ ಬ್ಲಾಕ್ ಕೀಳಿಸಲು ಹಗ್ಗ ಕಟ್ಟಿಸಲು ಮಾಡಿದ್ದಕ್ಕಿಂತ ಹೆಚ್ಚು ವಾದ ಮಾಡಬೇಕಾಯಿತು; ಎರಡು ಕಾರಿನ ಜಾಗ ಹೋಯಿತು. ನೀರು ಹೀರುವ ಬೇರುಗಳು ಹೆಚ್ಚಾಗಿ ಇರುವುದು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ. ಈಗ ಅಲ್ಲಿ ತರಗೆಲೆಯ ಹೊದಿಕೆ ಇದೆ, ಕಾಂಡಕ್ಕೆ ತಾಗದಂತೆ.

2025ರ ಮುಂಗಾರು ಮುಂಬಯಿಗೆ ಮೇ 26ಕ್ಕೇ ಬಂತು. ಬಿರುಕಿನ ಎರಡೂ ಬದಿಗೆ ಹಾಕಿದ ಸ್ಕ್ರೂಗಳ ಅಂತರವನ್ನು ಪ್ರತಿ ದೊಡ್ಡ ಗಾಳಿಯ ಮಾರನೇ ದಿನ ಅಳೆದೆ. ಕದಲಿಲ್ಲ. ಕೊರೆದ ಜಾಗದ ಅಂಚಿನಲ್ಲಿ ಹೊಸ ತೊಗಟೆ ಸುರುಳಿಗಟ್ಟುತ್ತಿದೆ.

ಮುಂದಿನ ಕೆಲಸ ಭಾರ ಇಳಿಸುವುದು. ರಸ್ತೆ ಕಡೆಯ ಕಾಂಡದ ಕಾಯಿಯನ್ನು ಮಿಡಿಯಲ್ಲೇ ಕೊಯ್ಯುತ್ತೇವೆ. ಉಪ್ಪಿನಕಾಯಿಯ ಭರಣಿಗಳನ್ನು ಅಜ್ಜಿ ಆಗಲೇ ಊರಿಂದ ತರಿಸಿದ್ದಾರೆ.